ಎಸ್ಟೇಟ್ ಶೆಡ್ಡಿನಲ್ಲಿ ನಿಂತಿರೋ ಯುದ್ಧಕಾಲದ ಜೀಪು: ತಗೋಬಹುದಾ?

ಮೂಡಿಗೆರೆ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮೂರ ಪಕ್ಕದ ಕಾಫಿ ಎಸ್ಟೇಟ್ ಒಂದರ ಶೆಡ್ಡಿನಲ್ಲಿ ಹಳೇ ಜೀಪೊಂದು ಬಹಳ ವರ್ಷದಿಂದ ನಿಂತಿದೆ. 1944ರ ವಿಲ್ಲೀಸ್, ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ತಾತ ತಂದಿದ್ದು ಅಂತ ಮನೆಯವರು ಹೇಳ್ತಾರೆ. ಎಂವೈ ಇಂದ ಶುರುವಾಗೋ ಹಳೇ ಮೈಸೂರು ನಂಬರು. ಸ್ಟೇರಿಂಗ್ ಎಡಗಡೆ ಇದೆ. ತಾತ ತೀರಿಕೊಂಡಿದ್ದಾರೆ, ಆರ್‌ಸಿ ಇನ್ನೂ ಅವರ ಹೆಸರಲ್ಲೇ ಇದೆ. ಎಂಜಿನ್ ಜಾಮ್. ನಾಲ್ಕೂವರೆ ಲಕ್ಷ ಹೇಳ್ತಿದ್ದಾರೆ.

ಮಿಲಿಟರಿ ಹಸಿರು ಬಣ್ಣ ಹೊಡೆಸಿ, ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆಸಬೇಕು ಅಂತ ಆಸೆ. ಊರಿನ ಗ್ಯಾರೇಜಿನವರು ಆ ಎಂಜಿನ್ ಗುಜರಿಗೆ ಹಾಕಿ ಡೀಸೆಲ್ ಕೂರಿಸೋಣ ಅಂತಿದ್ದಾರೆ. ನೋಡೋಕೆ ಹೋದಾಗ ಏನೇನು ಗಮನಿಸಬೇಕು? ತಿಳಿದವರು ದಯವಿಟ್ಟು ಹೇಳಿ.

ಹಾಸನದ ಮೇಸ್ತ್ರಿ

ನಾನು ಸೈನ್ಯದ ರಿಪೇರಿ ವಿಭಾಗ ಇಎಂಇಯಲ್ಲಿ ವೆಹಿಕಲ್ ಮೆಕ್ಯಾನಿಕ್ ಆಗಿದ್ದವನು. ರಿಟೈರ್ ಆದಮೇಲೆ ಹಳೇ ಜೀಪುಗಳದ್ದೇ ಕೆಲಸ.

ತಮ್ಮಾ, 1944 ಅನ್ನೋದನ್ನ ಸದ್ಯಕ್ಕೆ ಪಕ್ಕಕ್ಕಿಡು. ನಮ್ಮ ಕಡೆ ಹಳೇ ಜೀಪು ಕಂಡ್ರೆ ಸಾಕು, ಎಲ್ಲಾ ಯುದ್ಧದ್ದೇ ಅಂತಾರೆ. ಎಡಗಡೆ ಸ್ಟೇರಿಂಗ್ ಇದ್ದಮಾತ್ರಕ್ಕೆ ಏನೂ ಸಾಬೀತಾಗಲ್ಲ, ಮಹೀಂದ್ರಾ ಜೀಪುಗಳೂ ಬಹಳ ವರ್ಷ ಹಾಗೇ ಬಂದಿವೆ. ಮೊದಲು ಗ್ರಿಲ್ ನೋಡು. ಯುದ್ಧಕಾಲದ ಒತ್ತು ತಗಡಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳು, ಯುದ್ಧದ ನಂತರ ಸಾರ್ವಜನಿಕರಿಗೆ ಅಂತ ಬಂದ ಸಿಜೆಯಲ್ಲಿ ಏಳು. ಹಿಂದೆ ಬಾಗಿಲು ಇದ್ರೆ ಸಿಜೆ. ಹೆಡ್‌ಲೈಟ್ ಗ್ರಿಲ್ಲಿನ ಒಳಗೆ ಹುದುಗಿದ್ದು, ಕೀಲಿನ ಮೇಲೆ ಮಗುಚಿ ಎಂಜಿನ್ ಕಡೆ ಬೆಳಕು ಬಿಡೋ ಹಾಗಿದ್ರೆ ಅದು ಯುದ್ಧದ್ದು. ರಾತ್ರಿ ರಿಪೇರಿಗೆ ಅಂತ ಮಾಡಿದ ವ್ಯವಸ್ಥೆ ಅದು, ನಂಗೆ ಆ ಗಾಡಿಯಲ್ಲಿ ತುಂಬ ಇಷ್ಟವಾದ ಕೆಲಸ.

ಆದ್ರೆ ಇದನ್ನೆಲ್ಲ ಯಾರು ಬೇಕಾದ್ರೂ ಬದಲಾಯಿಸಬಹುದು. ಹೊಸ ಬಾಡಿ ಫಿಲಿಪೀನ್ಸಿನಿಂದ ಪೂರ್ತಿ ಬರುತ್ತೆ. ಬದಲಾಯಿಸೋಕೆ ಕಷ್ಟ ಅಂದ್ರೆ ಚಾಸಿಸ್, ಅಂದ್ರೆ ಬಾಡಿ ಕೂರೋ ಅಡಿ ಚೌಕಟ್ಟು. ರೇಡಿಯೇಟರ್ ಕೆಳಗೆ ಮಲಗಿ ನೋಡು, ಚಾಸಿಸ್‌ನ ಎರಡು ಪಟ್ಟಿಗಳನ್ನ ಸೇರಿಸೋ ಅಡ್ಡಪಟ್ಟಿ ಇರುತ್ತೆ. ಅದು ದುಂಡು ಪೈಪಾಗಿದ್ರೆ ವಿಲ್ಲೀಸ್ ಎಂಬಿ ಇರಬಹುದು. ಮಗುಚಿದ ತೊಟ್ಟಿ ಥರ ಚೌಕಾಗಿದ್ರೆ ಫೋರ್ಡ್ ಜಿಪಿಡಬ್ಲ್ಯೂ. ಒಂದೇ ನಕ್ಷೆ, ಎರಡು ಕಂಪನಿ, 1941ರಿಂದ 45ರ ತನಕ ಎರಡೂ ಸೇರಿ ಆರು ಲಕ್ಷಕ್ಕೂ ಮೇಲೆ ಮಾಡಿದಾರೆ. ಫೋರ್ಡ್‌ನವರು ಬೋಲ್ಟಿನ ತಲೆ ಮೇಲೂ ಎಫ್ ಅಕ್ಷರ ಒತ್ತಿದ್ದಾರೆ. ಒಂದು ವೈರ್ ಬ್ರಷ್ ತಗೊಂಡು ಹೋಗು. ಚಾಸಿಸ್ ನಂಬರ್ ಫೋರ್ಡಿನಲ್ಲಿ ಎಡಗಡೆ ಪಟ್ಟಿಯ ಮೇಲ್ಮೈಯಲ್ಲಿ, ಎಂಜಿನ್ ಮುಂಭಾಗದ ಹತ್ತಿರ ಕೊರೆದಿರುತ್ತೆ. ವಿಲ್ಲೀಸಿನಲ್ಲಿ ಮುಂದಿನ ಬಂಪರ್ ಹಿಂದೆ, ಎಡಪಟ್ಟಿಯ ಒಳಮೈಗೆ ರಿವೆಟ್ ಮಾಡಿದ ಸಣ್ಣ ಪ್ಲೇಟಿನ ಮೇಲೆ. ಆ ನಂಬರಿಗೂ ಆರ್‌ಸಿಗೂ ತಾಳೆ ಆಗದಿದ್ರೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡ.

ಆಮೇಲೆ ತುಕ್ಕು. ಮಲೆನಾಡಿನ ಜೀಪು ಮೇಲಿಂದ ಚೆನ್ನಾಗೇ ಕಾಣುತ್ತೆ. ಫ್ಲೋರ್ ಅಡಿಯಲ್ಲಿ ಉದ್ದಕ್ಕೆ, ಗಟ್ಟಿಯಾಗಿರಲಿ ಅಂತ ತಗಡು ಮಡಚಿದ ಕಾಲುವೆ ಇರುತ್ತೆ, ಕಾರ್ಖಾನೆಯವರೇ ಅದರೊಳಗೆ ಮರದ ಪಟ್ಟಿ ತುಂಬಿದ್ದಾರೆ. ಮರ ಮಳೆನೀರು ಕುಡಿದು ಒಣಗೋದೇ ಇಲ್ಲ, ತಗಡು ಒಳಗಿಂದ ತಿಂದುಹೋಗುತ್ತೆ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚು, ಒಳಗೆ ಹೋದ್ರೆ ಬಾಡಿ ಪೂರ್ತಿ ಟಿಂಕರಿಂಗ್ ಅಂತ ಲೆಕ್ಕ ಹಾಕು. ಡ್ರೈವರ್ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕ್ ಕೂರೋ ಗುಂಡಿಯನ್ನೂ ಹಾಗೇ ನೋಡು. ಪುಟ್ಟಿ ಮೆತ್ತಿದ್ದಾರಾ ಅಂತ ಅಯಸ್ಕಾಂತ ಹಿಡಿದ್ರೆ ತಿಳಿಯುತ್ತೆ.

ಎಂಜಿನ್ ವಿಚಾರಕ್ಕೆ ನಾನು ನಿಮ್ಮ ಗ್ಯಾರೇಜಿನವರ ಮಾತು ಒಪ್ಪಲ್ಲ. 2.2 ಲೀಟರ್, ನಾಲ್ಕು ಸಿಲಿಂಡರ್, ಅರವತ್ತು ಹಾರ್ಸ್‌ಪವರ್. ವಾಲ್ವ್ ಎಲ್ಲ ಬ್ಲಾಕಿನಲ್ಲೇ ಇರುತ್ತೆ, ಹೆಡ್ ಅಂದ್ರೆ ಬರೀ ಮುಚ್ಚಳ. ಇಷ್ಟು ಸರಳವಾದ ಎಂಜಿನ್ ಬಿಚ್ಚಿ ಕಟ್ಟೋಕೆ ಸಿಗೋದು ಅಪರೂಪ. ಜಾಮ್ ಆಗಿದೆ ಅಂತ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಬೇಡಿ! ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸೀಮೆಎಣ್ಣೆ ಮತ್ತು ಗೇರ್ ಆಯಿಲ್ ಬೆರೆಸಿ ಹಾಕಿ ನೆನೆಯೋಕೆ ಬಿಡಿ. ಆಮೇಲೆ ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸಿ ನೋಡಿ. ಬಿಡದಿದ್ರೆ ಹೆಡ್ ಇಳಿಸಿ ನೋಡೋಣ. ಬೋರ್, ಅಂದ್ರೆ ಸಿಲಿಂಡರಿನ ಒಳಗೋಡೆ ಹೋಗಿದ್ರೂ ಲೇತ್‌ನವರು ಒಳಗೆ ಹೊಸ ಕೊಳವೆ, ಸ್ಲೀವ್ ಹಾಕ್ತಾರೆ.

ಸಕಲೇಶಪುರ ಪ್ಲಾಂಟರ್

ಮೇಸ್ತ್ರಿಯವರು ಹೇಳಿದ್ದು ಸರಿ, ಆದ್ರೆ ಖರ್ಚಿನ ಮಾತೂ ಆಗಲಿ. ತೋಟಕ್ಕೆ ಗೊಬ್ಬರ ಹೊತ್ತು, ಮಳೆಗಾಲದ ಕೆಸರಲ್ಲಿ ದಿನಾ ಓಡೋ ಜೀಪು ಬೇಕಿದ್ರೆ ಪೂಜೋ ಡೀಸೆಲ್ ಎಂಜಿನಿನ ಮಹೀಂದ್ರಾ ಎಂಎಂ 540 ನೋಡಿ. ನಮ್ಮ ತೋಟದಲ್ಲಿ ಅದೇ ಇರೋದು, ಯಾವ ಮೆಕ್ಯಾನಿಕ್ ಆದ್ರೂ ಕೈ ಹಾಕ್ತಾನೆ. ಯುದ್ಧಕಾಲದ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ರೆ ಆ ಮೂರು ಗೇರಿನ ಹಳೇ ಗೇರ್‌ಬಾಕ್ಸ್, ಆಕ್ಸಲ್ ಭಾರ ತಡೆಯಲ್ಲ. ಕೊನೆಗೆ ಅದೂ ಇಲ್ಲ ಇದೂ ಇಲ್ಲ.

ಬೆಂಗಳೂರು ವಿಂಟೇಜ್

ಕಾಗದಪತ್ರದ ಬಗ್ಗೆ ನನ್ನದೊಂದಿಷ್ಟು. ತಾತನ ಹೆಸರಲ್ಲಿರೋ ಗಾಡಿಯನ್ನ ಮೊಮ್ಮಕ್ಕಳು ನೇರವಾಗಿ ನಿಮಗೆ ಮಾರೋಕೆ ಆಗಲ್ಲ. ಮೊದಲು ವಾರಸುದಾರರು ಫಾರಂ 31 ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ಆಮೇಲೆ ನಿಮ್ಮ ಹೆಸರಿಗೆ ವರ್ಗಾಯಿಸೋಕೆ ಫಾರಂ 29, 30. "ಬ್ರೋಕರ್ ಮಾಡಿಸ್ತಾನೆ ಬಿಡಿ" ಅಂದ್ರೆ ಒಪ್ಪಬೇಡಿ, ಆ ಖರ್ಚು ಓಡಾಟ ಮಾರೋರದ್ದು.

2021ರಿಂದ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಇದೆ. ನಂಬರಿನಲ್ಲಿ ವಿಎ ಅಂತ ಬರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ, ಮುಂದಿನ ನವೀಕರಣಕ್ಕೆ 5,000. ಆದ್ರೆ ಗಾಡಿ ಮೂಲ ಸ್ವರೂಪದಲ್ಲೇ ಇರಬೇಕು, ಮತ್ತೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಬಳಕೆಗೆ ಬೇಕಂದ್ರೆ ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಿ.

ಇನ್ನೊಂದು, ಆ ಹಸಿರು ಬಣ್ಣ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಹೊಡೆಸಿದ್ರೆ ಆರ್‌ಟಿಓ ನಿಲ್ಲಿಸ್ತಾರೆ, ಅದು ಸರಿಯೂ ಹೌದು.

ಮೂಡಿಗೆರೆ ಹುಡುಗ

ಹೋಗಿ ಬಂದೆ. ಅಡ್ಡಪಟ್ಟಿ ದುಂಡಗಿಲ್ಲ, ಮಗುಚಿದ ತೊಟ್ಟಿ ಥರವೇ ಇದೆ. ಮುಂದಿನ ಬಂಪರ್ ಬೋಲ್ಟ್ ಉಜ್ಜಿದ್ರೆ ಎಫ್ ಕಾಣಿಸ್ತು! ಗ್ರಿಲ್ ಒಂಬತ್ತು ಸೀಳು. ಚಾಸಿಸ್ ನಂಬರ್ ಆರ್‌ಸಿ ಜೊತೆ ಸರಿಹೋಯ್ತು. ಫ್ಲೋರ್ ಮಾತ್ರ ಚುಚ್ಚಿದಲ್ಲೆಲ್ಲ ತೂತಾಗುತ್ತೆ. ಸ್ಟೇರಿಂಗ್ ಅಲ್ಲಾಡಿಸಿದ್ರೆ ಚಕ್ರಕ್ಕೆ ಸುದ್ದಿನೇ ಹೋಗಲ್ಲ. ವಿಲ್ಲೀಸ್ ಅಲ್ಲ ಫೋರ್ಡ್ ಅಂದ್ರೆ ಬೆಲೆ ಕಮ್ಮಿನಾ?

ಹಾಸನದ ಮೇಸ್ತ್ರಿ

ಕಮ್ಮಿ ಏನಿಲ್ಲ. ಎಫ್ ಬೋಲ್ಟ್ ಉಳಿದಿರೋ ಜಿಪಿಡಬ್ಲ್ಯೂ ಹುಡುಕ್ಕೊಂಡು ತಿರುಗೋರು ಇದಾರೆ. ಬೆಲೆ ಇಳಿಸು ಅಂತ ಕೇಳೋದಾದ್ರೆ ಫ್ಲೋರ್ ತೋರಿಸಿ ಕೇಳು, ಹೆಸರು ತೋರಿಸಿ ಅಲ್ಲ. ಫಾರಂ 31 ಅವರೇ ಮಾಡಿಸಿಕೊಟ್ರೆ ಕೇಳಿದ್ದಕ್ಕಿಂತ ಸ್ವಲ್ಪ ಕಮ್ಮಿಗೆ ತಗೋ, ಬಿಡಬೇಡ.

ಸ್ಟೇರಿಂಗ್ ಆಟ ಹೆಚ್ಚಾಗಿ ಬೆಲ್‌ಕ್ರ್ಯಾಂಕ್‌ದು, ಅಂದ್ರೆ ಸ್ಟೇರಿಂಗ್ ತಿರುವನ್ನ ಚಕ್ರದ ಕಡೆ ದಾಟಿಸೋ ಸನ್ನೆ. ಆ ಅಡ್ಡಪಟ್ಟಿ ಹತ್ತಿರವೇ ಒಂದು ಪಿನ್ ಮೇಲೆ ತಿರುಗುತ್ತಿರುತ್ತೆ. ಒಬ್ಬರು ಸ್ಟೇರಿಂಗ್ ಆಡಿಸಲಿ, ನೀನು ಪಿನ್ ಮೇಲೆ ಬೆರಳಿಟ್ಟು ನೋಡು, ಸವೆದಿದ್ರೆ ಕೈಗೇ ಗೊತ್ತಾಗುತ್ತೆ. ಪಿನ್, ಬೇರಿಂಗ್ ಹೊಸದು ಹಾಕಿದ್ರೆ ಅರ್ಧ ಆಟ ಹೋಗುತ್ತೆ. ಉಳಿದದ್ದು ಟೈರಾಡ್ ಎಂಡ್, ಸ್ಟೇರಿಂಗ್ ಬಾಕ್ಸ್.

ತಂದಮೇಲೆ ಬಣ್ಣದ ಆಸೆ ಕಟ್ಟಿಡು. ಮೊದಲು ಚಾಸಿಸ್ ಬಿಚ್ಚಿ ಬಿರುಕು ಇದೆಯಾ ನೋಡೋದು, ಆಮೇಲೆ ಬ್ರೇಕು. ನಾಲ್ಕೂ ಚಕ್ರಕ್ಕೆ ಒಂಬತ್ತು ಇಂಚಿನ ಸಣ್ಣ ಡ್ರಮ್, ಬ್ರೇಕ್ ಆಯಿಲ್ ಲೈನ್ ಒಂದೇ. ಎಲ್ಲಿ ಸೋರಿದ್ರೂ ನಾಲ್ಕೂ ಬ್ರೇಕ್ ಹೋಯ್ತು. ಪೈಪು, ಹೋಸು, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಒಂದನ್ನೂ ಹಳೇದು ಉಳಿಸಬೇಡ. ಎಂಜಿನ್ ಅದಾದ ಮೇಲೆ. ಬಾಡಿ, ಬಣ್ಣ ಕೊನೆಗೆ. ಹಳೇ ಬಣ್ಣ ಕೆರೆಯುವಾಗ ಒಂದೊಂದೇ ಪದರ ನಿಧಾನಕ್ಕೆ ಕೆರೆ, ಅಡಿಯಲ್ಲಿ ಅಮೆರಿಕನ್ ಸೈನ್ಯದ ನಂಬರ್ ಉಳಿದಿದ್ರೂ ಉಳಿದಿರುತ್ತೆ. ಕಂಡ್ರೆ ಮೊದಲು ಫೋಟೋ ತೆಗೆ.

ಬ್ಲಾಕಿನ ಬಲಗಡೆ, ಆಯಿಲ್ ಫಿಲ್ಟರ್ ಹತ್ತಿರ ಎಂಜಿನ್ ನಂಬರ್ ಇರುತ್ತೆ. ಜಿಪಿಡಬ್ಲ್ಯೂ ಅಂತ ಶುರುವಾಗುತ್ತಾ ನೋಡಿ ಇಲ್ಲಿ ಹಾಕು, ಪಿಸ್ಟನ್ ರಿಂಗ್ ಎಲ್ಲಿ ಹುಡುಕೋದು ಅಂತ ಆಮೇಲೆ ಹೇಳ್ತೀನಿ.