ವರ್ಚುವಲ್ ಮಷೀನಿಗೆ ಎಸ್‌ಎಸ್‌ಎಚ್ ಕೀ ಅಳವಡಿಸಿಕೊಂಡವರು ಅನುಭವ ತಿಳಿಸಬೇಕಾಗಿ ವಿನಂತಿ

ಪ್ರಶ್ನೆ (ಹಾಸನದಿಂದ):
ನಮ್ಮ ಸಹಕಾರ ಸಂಘದ ಲೆಕ್ಕಪತ್ರದ ತಂತ್ರಾಂಶವನ್ನು ಕಳೆದ ತಿಂಗಳು ಬಾಡಿಗೆಯ ವರ್ಚುವಲ್ ಮಷೀನೊಂದಕ್ಕೆ (ಅಂತರಜಾಲದ ಮೂಲಕ ಬಳಸುವ ಕಂಪ್ಯೂಟರ್) ಸ್ಥಳಾಂತರಿಸಿದ್ದೇನೆ. ಅದರಲ್ಲಿ ಉಬುಂಟು 24.04 ಕಾರ್ಯಾಚರಣ ವ್ಯವಸ್ಥೆ ಇದೆ. ಈವರೆಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಒಳಹೋಗುವ ವಿಧಾನ) ಮೂಲಕ ಪಾಸ್‌ವರ್ಡ್ ಕೊಟ್ಟೇ ಒಳಹೋಗುತ್ತಿದ್ದೆ. ಮೊನ್ನೆ ಲಾಗ್ ತೆರೆದಾಗ ರಾತ್ರಿಯಿಡೀ ಯಾರ್ಯಾರೋ ‘ರೂಟ್’ (ಎಲ್ಲ ಅಧಿಕಾರವಿರುವ ಖಾತೆ) ಹೆಸರಿನಲ್ಲಿ ಪ್ರಯತ್ನಿಸಿರುವುದು ಕಂಡು ಗಾಬರಿಯಾಯಿತು. ನಾನೂ ನಮ್ಮ ಗುಮಾಸ್ತರೂ ನಮ್ಮ ನಮ್ಮ ಲ್ಯಾಪ್‌ಟಾಪ್‌ಗಳಿಂದ ಕೀ ಮೂಲಕ ಹೋಗುವಂತಾಗಬೇಕು. ಕೀಯ ಬಗೆಗಳಲ್ಲಿ ಆರ್‌ಎಸ್‌ಎ ಒಳ್ಳೆಯದೋ, ಇಡಿ25519 ಒಳ್ಳೆಯದೋ? ಕೀಯನ್ನು ಕಾಯುವ ಪಾಸ್‌ಫ್ರೇಸ್ (ಗುಪ್ತವಾಕ್ಯ) ಇಡಲೇಬೇಕೇ?

ಮೈಸೂರಿನಿಂದ:
ಯಾವ ಬಗೆಯ ಕೀ ಎಂಬುದಕ್ಕಿಂತ ಅದು ಕಳೆದುಹೋದರೆ ಏನಾಗುತ್ತದೆ ಎಂಬುದನ್ನು ಮೊದಲು ಯೋಚಿಸಿ. ಮಷೀನ್ ಸೃಷ್ಟಿಸುವಾಗ ಪ್ರೈವೇಟ್ ಕೀಯನ್ನು (ಕೀ ಜೋಡಿಯಲ್ಲಿ ನಮ್ಮ ಬಳಿಯೇ ಉಳಿಯುವ ಗುಟ್ಟಿನ ಭಾಗ) ಒಂದೇ ಒಂದು ಸಲ ಇಳಿಸಿಕೊಳ್ಳಲು ಬಿಡುವ ಸೇವೆಯಲ್ಲಿ ನನ್ನ ಮಷೀನ್ ಇತ್ತು. ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟಾಗ ಕೀಯೂ ಅದರೊಂದಿಗೆ ಹೋಯಿತು. ಪಾಸ್‌ವರ್ಡ್ ದಾರಿಯನ್ನು ನಾನೇ ಮುಚ್ಚಿದ್ದೆ. ಮಷೀನನ್ನು ನಿಲ್ಲಿಸಿ, ಅದರ ರೂಟ್ ಡಿಸ್ಕನ್ನು (ಕಾರ್ಯಾಚರಣ ವ್ಯವಸ್ಥೆ ಇರುವ ಮುಖ್ಯ ಡಿಸ್ಕ್) ಬಿಡಿಸಿ, ಇನ್ನೊಂದು ಮಷೀನಿಗೆ ಜೋಡಿಸಿ, ಅಲ್ಲಿಂದ ‘ಆಥರೈಸ್ಡ್ ಕೀಸ್’ (ಅನುಮತಿ ಇರುವ ಕೀಗಳ) ಫೈಲಿಗೆ ಹೊಸ ಪಬ್ಲಿಕ್ ಕೀ (ಜೋಡಿಯಲ್ಲಿ ಮಷೀನಿನಲ್ಲಿಡುವ ಭಾಗ) ಬರೆದು, ಡಿಸ್ಕನ್ನು ಮತ್ತೆ ಮೊದಲಿನ ಜಾಗಕ್ಕೆ ತರಬೇಕಾಯಿತು. ಮರಳಿ ಜೋಡಿಸುವಾಗ ಡಿಸ್ಕಿಗೆ ಹಿಂದಿದ್ದ ಸಾಧನದ ಹೆಸರನ್ನೇ ಕೊಡದ ಕಾರಣ ಮಷೀನ್ ಏಳಲೇ ಇಲ್ಲ. ಎದ್ದ ಮೇಲೆ ನೋಡಿದರೆ ಐಪಿ ವಿಳಾಸ ಬದಲಾಗಿತ್ತು, ಏಕೆಂದರೆ ಸ್ಥಿರ ವಿಳಾಸಕ್ಕೆ ನಾನು ಹಣ ಕಟ್ಟಿರಲಿಲ್ಲ. ಹನ್ನೊಂದು ಅಂಗಡಿಗಳ ಬಿಲ್ಲಿಂಗ್ ಎರಡು ದಿನ ನಿಂತಿತು. ಸಹಾಯಕ್ಕೆ ಬಂದವರಿಗೆ 3,800 ರೂಪಾಯಿ ಕೊಟ್ಟೆ, ಒಬ್ಬ ಗ್ರಾಹಕರು ಇಂದಿಗೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ. ಈಗ ನನ್ನ ಕೀ ಎರಡು ಪೆನ್‌ಡ್ರೈವ್‌ಗಳಲ್ಲಿದೆ, ಅವುಗಳಲ್ಲಿ ಒಂದು ಬೀರುವಿನೊಳಗಿದೆ.

ಬೆಂಗಳೂರಿನಿಂದ:
ಇಡಿ25519 ಬಿಟ್ಟು ಬೇರೆ ಯೋಚನೆ ಬೇಡ. ಆರ್‌ಎಸ್‌ಎ ಕಾಲ ಮುಗಿಯಿತು. 2022ರಲ್ಲಿ ನಮ್ಮ ಸರ್ವರ್‌ಗಳನ್ನು ಉಬುಂಟು 22.04ಕ್ಕೆ ಏರಿಸಿದ ಮರುದಿನ ಬೆಳಿಗ್ಗೆ ಹಳೆಯ ಬ್ಯಾಕಪ್ ತಂತ್ರಾಂಶ ಒಂದೇ ಒಂದು ಮಷೀನಿಗೂ ಹೋಗಲಾಗದೆ ನಿಂತಿತ್ತು. ಅದರಲ್ಲಿದ್ದದ್ದು ಆರ್‌ಎಸ್‌ಎ ಕೀ. ಮೂರು ರಾತ್ರಿಗಳ ಬ್ಯಾಕಪ್ ಇಲ್ಲ ಎಂಬುದು ನಾಲ್ಕನೆಯ ದಿನ ತಿಳಿಯಿತು. ನೂರಕ್ಕೂ ಹೆಚ್ಚು ಮಷೀನುಗಳಲ್ಲಿ ಕೀ ಬದಲಿಸಿದೆ, ಅಂದಿನಿಂದ ಒಂದು ದಿನವೂ ತೊಂದರೆಯಾಗಿಲ್ಲ. ಎಸ್‌ಎಸ್‌ಎಚ್ ತಂತ್ರಾಂಶ ಮಾಡುವ ಓಪನ್‌ಎಸ್‌ಎಸ್‌ಎಚ್‌ನವರೇ 2023ರ 9.5 ಆವೃತ್ತಿಯಿಂದ ಇಡಿ25519 ಬಗೆಯನ್ನು ಪೂರ್ವನಿಯೋಜಿತ ಆಯ್ಕೆಯಾಗಿ ಮಾಡಿದ್ದಾರೆ.

ಹುಬ್ಬಳ್ಳಿಯಿಂದ:
ಬೆಂಗಳೂರಿನವರು ತಪ್ಪು ಮಾಹಿತಿ ಕೊಡುತ್ತಿದ್ದಾರೆ. ಓಪನ್‌ಎಸ್‌ಎಸ್‌ಎಚ್‌ನ 2021ರ 8.8 ಆವೃತ್ತಿಯಲ್ಲಿ ಪೂರ್ವನಿಯೋಜಿತವಾಗಿ ಸ್ಥಗಿತವಾದದ್ದು ಆರ್‌ಎಸ್‌ಎ ಕೀ ಅಲ್ಲ, ಎಸ್‌ಎಚ್‌ಎ-1 ಎಂಬ ಹಳೆಯ ಗಣಿತವಿಧಾನ ಬಳಸುವ ಸಹಿ. ಅದೇ ಕೀಯಿಂದ ಎಸ್‌ಎಚ್‌ಎ-2 ಸಹಿ ಹಾಕಬಲ್ಲ ತಂತ್ರಾಂಶವಿದ್ದರೆ ಯಾವ ಅಡ್ಡಿಯೂ ಇಲ್ಲ. ನಿಮ್ಮ ಬ್ಯಾಕಪ್ ತಂತ್ರಾಂಶ ಹಳೆಯದಾಗಿತ್ತು, ಅಷ್ಟೆ. 2013ರಲ್ಲಿ ಮಾಡಿಕೊಂಡ 4096 ಬಿಟ್‌ಗಳ ಆರ್‌ಎಸ್‌ಎ ಕೀಯನ್ನು ನಾನು ಇಂದು ಬೆಳಿಗ್ಗೆಯೂ ಬಳಸಿದ್ದೇನೆ.

ನನ್ನನ್ನು ಕಾಡಿದ್ದು ಅನುಮತಿಗಳು. ಕೀಗಳಿರುವ ಡಾಟ್-ಎಸ್‌ಎಸ್‌ಎಚ್ ಫೋಲ್ಡರಿಗೆ 700, ಕೀಗಳ ಫೈಲಿಗೆ 600 (ಎರಡೂ ಮಾಲೀಕರಿಗೆ ಮಾತ್ರ ಪ್ರವೇಶ) ಸರಿಯಾಗಿಯೇ ಕೊಟ್ಟಿದ್ದೆ. ಆದರೂ ‘ಪರ್ಮಿಷನ್ ಡಿನೈಡ್’ ಎಂಬ ಒಂದೇ ಉತ್ತರ. ಯಾವುದೋ ವೆಬ್‌ಸೈಟಿನ ಫೈಲುಗಳಿಗಾಗಿ ಹಿಂದೊಮ್ಮೆ ಹೋಮ್ ಫೋಲ್ಡರಿಗೇ 777 (ಯಾರು ಬೇಕಾದರೂ ಬರೆಯಬಹುದು) ಕೊಟ್ಟಿದ್ದೆನೆಂಬುದು ನೆನಪಿರಲಿಲ್ಲ. ಹೋಮ್ ಫೋಲ್ಡರಿನಲ್ಲಿ ಬೇರೆಯವರು ಬರೆಯಬಹುದಾಗಿದ್ದರೆ ಸರ್ವರ್ ಆ ಕೀಗಳನ್ನು ನಂಬುವುದಿಲ್ಲ. ಕಾರಣ ಸರ್ವರಿನ ಲಾಗ್‌ನಲ್ಲಿ ಸ್ಪಷ್ಟವಾಗಿತ್ತು, ನಾನು ಮೂರು ರಾತ್ರಿ ಲ್ಯಾಪ್‌ಟಾಪಿನ ಕಡೆಯೇ ಹುಡುಕುತ್ತಿದ್ದೆ.

ಬೆಂಗಳೂರಿನಿಂದ:
ಹತ್ತು ವರ್ಷಕ್ಕಿಂತ ಹಳೆಯ ಕೀಯನ್ನು ಬದಲಿಸದೆ ಬಳಸುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರಿಂದ ನಾನು ಪಾಠ ಕೇಳಬೇಕಾಗಿಲ್ಲ. ಅಷ್ಟು ವರ್ಷಗಳಲ್ಲಿ ಅದರ ಪ್ರತಿ ಎಷ್ಟು ಕಂಪ್ಯೂಟರ್‌ಗಳಲ್ಲಿ ಉಳಿದಿದೆ ಎಂದು ಅವರು ಹೇಳಬಲ್ಲರೇ?

ಹುಬ್ಬಳ್ಳಿಯಿಂದ:
ಹೇಳಬಲ್ಲೆ, ಎರಡರಲ್ಲಿ. ನೂರು ಮಷೀನುಗಳಿಗೆ ಒಂದೇ ಕೀ ಹಾಕಿದವರು ನೀವೋ ನಾನೋ?

ಮಂಗಳೂರಿನಿಂದ:
ಇಬ್ಬರೂ ದಯವಿಟ್ಟು ನಿಲ್ಲಿಸಿ. ಕೀ ಹಾಕಿದ ಮಾತ್ರಕ್ಕೆ ಪಾಸ್‌ವರ್ಡ್ ದಾರಿ ಮುಚ್ಚುವುದಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ನಾನು ಮುಖ್ಯ ಸಂರಚನೆಯ ಫೈಲಿನಲ್ಲಿ ‘ಪಾಸ್‌ವರ್ಡ್ ಅಥೆಂಟಿಕೇಷನ್ ನೋ’ ಎಂದು ಬರೆದು ಐದು ತಿಂಗಳು ನಿಶ್ಚಿಂತೆಯಿಂದಿದ್ದೆ. ಆದರೆ ಪಕ್ಕದ ಫೋಲ್ಡರಿನಲ್ಲಿ 50 ಎಂದು ಆರಂಭವಾಗುವ ಕ್ಲೌಡ್-ಇನಿಟ್ (ಹೊಸ ಮಷೀನನ್ನು ತಾನಾಗಿ ಸಜ್ಜುಗೊಳಿಸುವ ತಂತ್ರಾಂಶ) ಫೈಲಿನಲ್ಲಿ ‘ಯೆಸ್’ ಎಂದಿತ್ತು. ಉಬುಂಟುವಿನಲ್ಲಿ ಆ ಫೋಲ್ಡರನ್ನೇ ಮೊದಲು ಓದಲಾಗುತ್ತದೆ, ಮೊದಲು ಸಿಕ್ಕ ಮೌಲ್ಯವೇ ನಿಲ್ಲುತ್ತದೆ. ಯಾರೋ ಪಾಸ್‌ವರ್ಡ್ ಊಹಿಸಿ ಒಳಬಂದು, ನನ್ನ ಮಷೀನಿನಿಂದ ಬೇರೆಯವರ ಮಷೀನುಗಳ ಮೇಲೆ ದಾಳಿ ನಡೆಸಿದರು. ತಿಂಗಳಿಗೆ 1,900 ಬರುತ್ತಿದ್ದ ಬಿಲ್ 7,640 ರೂಪಾಯಿಗೆ ಏರಿತು, ಖಾತೆ ಆರು ದಿನ ಸ್ಥಗಿತಗೊಂಡಿತು. ಈಗ ಏನೇ ಬದಲಿಸಿದರೂ ‘ಸುಡೋ ಎಸ್‌ಎಸ್‌ಎಚ್‌ಡಿ -ಟಿ’ ಆಜ್ಞೆಯನ್ನು ದೊಡ್ಡ ಟಿ ಅಕ್ಷರದೊಂದಿಗೆ ಕೊಟ್ಟು, ನಿಜವಾಗಿ ಜಾರಿಯಲ್ಲಿರುವ ಮೌಲ್ಯಗಳನ್ನೇ ನೋಡುತ್ತೇನೆ.

ಶಿವಮೊಗ್ಗದಿಂದ:
ಎಸ್‌ಎಸ್‌ಎಚ್ ಸಂಪರ್ಕ ಬರುವ ಪೋರ್ಟ್ (ಬಾಗಿಲಿನ ಸಂಖ್ಯೆ) 22 ಬದಲಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನಾನು 2222ಕ್ಕೆ ಬದಲಿಸಿದ ಮೇಲೆ ಲಾಗ್ ಬಹುತೇಕ ಖಾಲಿ ಇದೆ.

ಮಂಗಳೂರಿನಿಂದ:
ಲಾಗ್ ಖಾಲಿಯಾಗುವುದು ಬೇರೆ, ಬಾಗಿಲು ಭದ್ರವಾಗುವುದು ಬೇರೆ. ಕಷ್ಟಪಟ್ಟವರ ಮುಂದೆ ‘ಆಗುತ್ತಿರಲಿಲ್ಲ’ ಎನ್ನುವುದು ಸುಲಭ. ಮೇಲಾಗಿ ಉಬುಂಟು 24.04ರಲ್ಲಿ ಸಿಸ್ಟಮ್‌ಡಿಯ (ಸೇವೆಗಳನ್ನು ನಡೆಸುವ ತಂತ್ರಾಂಶ) ಸಾಕೆಟ್ ಪೋರ್ಟನ್ನು ಹಿಡಿದಿರುತ್ತದೆ. ಡೀಮನ್-ರಿಲೋಡ್ ಮಾಡಿ (ಸಂರಚನೆಯನ್ನು ಮತ್ತೆ ಓದಿಸಿ) ಆ ಸಾಕೆಟನ್ನು ಮರುಪ್ರಾರಂಭಿಸದೆ, ಫೈಲಿನಲ್ಲಿ ಸಂಖ್ಯೆ ಬದಲಿಸಿ, ಫೈರ್‌ವಾಲ್‌ನಲ್ಲಿ 22 ಮುಚ್ಚಿದರೆ ಪ್ರಶ್ನೆ ಕೇಳಿದವರು ಹೊರಗೇ ಉಳಿಯುತ್ತಾರೆ.

ದಾವಣಗೆರೆಯಿಂದ:
ಪಾಸ್‌ಫ್ರೇಸ್ ಬಗ್ಗೆ ಹೇಳುತ್ತೇನೆ. ಅರಸೀಕೆರೆ ದಾಟಿದ ಮೇಲೆ ರೈಲಿನಲ್ಲಿ ನನ್ನ ಲ್ಯಾಪ್‌ಟಾಪ್ ಕಳವಾಯಿತು. ಕೀಗೆ ಪಾಸ್‌ಫ್ರೇಸ್ ಇರಲಿಲ್ಲ, ಹದಿನಾಲ್ಕು ಮಷೀನುಗಳಲ್ಲಿ ಅದರ ಪಬ್ಲಿಕ್ ಕೀ ಇತ್ತು. ಕೀಗಳ ಕೊನೆಯಲ್ಲಿ ಟಿಪ್ಪಣಿಯಾಗಿ ಬರುವ ಹೆಸರುಗಳು ಎಲ್ಲವೂ ಒಂದೇ ರೀತಿ ಇದ್ದುದರಿಂದ ಯಾವ ಸಾಲು ನನ್ನದು, ಯಾವುದು ಸಹೋದ್ಯೋಗಿಯದು ಎಂದು ಗುರುತಿಸಲಾಗಲಿಲ್ಲ. ಸ್ನೇಹಿತರ ಮನೆಯಲ್ಲಿ ಕುಳಿತು ಬೆಳಗಿನ ನಾಲ್ಕರವರೆಗೆ ಒಂದೊಂದೇ ಸಾಲು ಅಳಿಸಿದೆ. ಅವಸರದಲ್ಲಿ ಸಹೋದ್ಯೋಗಿಯ ಕೀಯನ್ನೂ ಅಳಿಸಿಬಿಟ್ಟೆ. ನಿಮ್ಮ ಗುಮಾಸ್ತರಿಗೆ ನಿಮ್ಮ ಕೀಯ ಪ್ರತಿ ಕೊಡಬೇಡಿ. ಅವರದೇ ಕೀ, ಅವರದೇ ಪಾಸ್‌ಫ್ರೇಸ್, ಸಾಲಿನ ಕೊನೆಯಲ್ಲಿ ಅವರ ಹೆಸರು ಮತ್ತು ತಿಂಗಳು ಇರಲಿ. ತೆರೆದ ಕೀಯನ್ನು ನೆನಪಿಟ್ಟುಕೊಳ್ಳುವ ಏಜೆಂಟ್ ತಂತ್ರಾಂಶಕ್ಕೆ ಸೇರಿಸಿಕೊಂಡರೆ ಪಾಸ್‌ಫ್ರೇಸನ್ನು ಪ್ರತಿ ಸಲವೂ ಬೆರಳಚ್ಚಿಸಬೇಕಾಗುವುದಿಲ್ಲ.

ಶಿವಮೊಗ್ಗದಿಂದ:
ನಾನು ಯಾರ ಕಷ್ಟವನ್ನೂ ಹಗುರವಾಗಿ ಕಂಡಿಲ್ಲ. ಪೋರ್ಟ್ ಬದಲಿಸಿದರೆ ಸಾಕು ಎಂದೂ ಹೇಳಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಇಡಿ25519 ಕೀಯನ್ನು ಪಾಸ್‌ಫ್ರೇಸ್ ಸಹಿತ ಮಾಡಿಕೊಂಡೆ. ಹಳೆಯ ಸಂಪರ್ಕವನ್ನು ಮುಚ್ಚದೆ ಎರಡನೆಯ ಕಿಟಕಿಯಿಂದ ಪರೀಕ್ಷಿಸಿದೆ, ಒಳಗೆ ಹೋಯಿತು. ಮಂಗಳೂರಿನವರು ಹೇಳಿದ ಆಜ್ಞೆ ಕೊಟ್ಟಾಗ ನನ್ನ ಮಷೀನಿನಲ್ಲೂ ‘ಯೆಸ್’ ಎಂದೇ ಬಂತು. 50ರ ಆ ಫೈಲ್ ನನ್ನಲ್ಲೂ ಇದೆ. ಅದನ್ನೇ ತಿದ್ದಬೇಕೋ, 10 ಎಂದು ಆರಂಭವಾಗುವ ಹೊಸ ಫೈಲ್ ಇಡಬೇಕೋ?

ಮಂಗಳೂರಿನಿಂದ:
ಹೊಸ ಫೈಲ್ ಇಡಿ. ಹಳೆಯದನ್ನು ಕ್ಲೌಡ್-ಇನಿಟ್ ಮತ್ತೆ ಬರೆದರೂ, ಫೈಲುಗಳನ್ನು ಹೆಸರಿನ ಕ್ರಮದಲ್ಲಿ ಓದುವುದರಿಂದ ನಿಮ್ಮದೇ ಮೊದಲು ಓದಲ್ಪಡುತ್ತದೆ. ಗುಮಾಸ್ತರ ಕೀಯನ್ನೂ ಪರೀಕ್ಷಿಸುವವರೆಗೆ ಆ ಹಳೆಯ ಸಂಪರ್ಕವನ್ನು ಮುಚ್ಚಬೇಡಿ.