ಫೆಬ್ರವರಿಯ ಒಂದು ದಿನವನ್ನು ಅಗಸ್ಟಸ್ ಕಿತ್ತುಕೊಂಡನೇ? ಹೆಸರು, ಆಚರಣೆ ಮತ್ತು ತಾರೀಖಿನ ಲೆಕ್ಕ

ದಿನಗಣನೆ (ಪ್ರಶ್ನೆ):
ಆಗಸ್ಟ್ ತಿಂಗಳು ಜುಲೈಗಿಂತ ಚಿಕ್ಕದಾಗಬಾರದು ಎಂದು ರೋಮನ್ ಚಕ್ರವರ್ತಿ ಅಗಸ್ಟಸ್ ಫೆಬ್ರವರಿಯಿಂದ ಒಂದು ದಿನ ತೆಗೆದ ಎಂದು ಹಲವೆಡೆ ಓದಿದ್ದೇನೆ. ನಿಜವೇ? ಫೆಬ್ರವರಿ ಎಂದರೆ ಏನರ್ಥ? ಇನ್ನೊಂದು ಗೊಂದಲವೂ ಇದೆ. ರೋಮನ್ನರು ತಿಂಗಳ ಮೊದಲ ದಿನವನ್ನು ‘ಕ್ಯಾಲೆಂಡ್ಸ್’ ಎಂದು ಕರೆದು, ಅದರಿಂದ ಹಿಂದಕ್ಕೆ ಎಣಿಸಿ ತಾರೀಖು ಹೇಳುತ್ತಿದ್ದರಂತೆ. ‘ಮಾರ್ಚ್ ಕ್ಯಾಲೆಂಡ್ಸ್‌ಗೆ ಮುಂಚಿನ ಆರನೆಯ ದಿನ’ ಎಂದರೆ, ಮಾರ್ಚ್ 1ರಿಂದ ಆರು ದಿನ ಹಿಂದೆ ಹೋದಾಗ ನನಗೆ ಫೆಬ್ರವರಿ 23 ಸಿಗುತ್ತದೆ. ಪುಸ್ತಕಗಳಲ್ಲಿ 24 ಎಂದಿದೆ.

ಶಾಸನಾಸಕ್ತ:
ಅಗಸ್ಟಸ್‌ನ ಕತೆ ಸುಳ್ಳು. ಅದು 13ನೇ ಶತಮಾನದ ವಿದ್ವಾಂಸ ಸಾಕ್ರೊಬಾಸ್ಕೊನ ಬರಹದಿಂದ ಹರಡಿದ್ದು. ಇಟಲಿಯ ಆಂಟಿಯಂ ಪಟ್ಟಣದಲ್ಲಿ ಸಿಕ್ಕ, ಗೋಡೆಯ ಗಾರೆಯ ಮೇಲೆ ಬರೆದ ಪಂಚಾಂಗ ಜೂಲಿಯಸ್ ಸೀಸರನ ಪಂಚಾಂಗ ಸುಧಾರಣೆಗೂ ಹಿಂದಿನದು. ಅದರಲ್ಲೇ ಫೆಬ್ರವರಿಗೆ 28 ದಿನ. ಸೆಕ್ಸ್‌ಟಿಲಿಸ್ (ಈಗಿನ ಆಗಸ್ಟ್) ತಿಂಗಳಿಗೆ 31 ದಿನ ಕೊಟ್ಟವನು ಸೀಸರ್. ಅದಕ್ಕೆ ಅಗಸ್ಟಸ್‌ನ ಹೆಸರು ಬಂದದ್ದು ಆಮೇಲೆ, ಕ್ರಿ.ಪೂ. 8ರಲ್ಲಿ.

28ರ ಮೂಲ ಇನ್ನೂ ಹಳೆಯದು. ರೋಮನ್ನರಿಗೆ ಬೆಸ ಸಂಖ್ಯೆ ಶುಭ. ರೋಮಿನ ಪುರಾತನ ರಾಜ ನೂಮಾನದೆಂದು ಹೇಳುವ ಪಂಚಾಂಗದಲ್ಲಿ ನಾಲ್ಕು ತಿಂಗಳಿಗೆ 31, ಏಳಕ್ಕೆ 29 ದಿನ: ಒಟ್ಟು 327. ವರ್ಷವೂ ಬೆಸವಾಗಿ 355 ದಿನ ಆಗಬೇಕಿತ್ತು. ಆದರೆ ಹನ್ನೆರಡು ಬೆಸ ಸಂಖ್ಯೆಗಳನ್ನು ಕೂಡಿದರೆ ಮೊತ್ತ ಸಮವೇ ಆಗುತ್ತದೆ! ಹಾಗಾಗಿ ಒಂದು ತಿಂಗಳು ಸಮಸಂಖ್ಯೆಯದಾಗಲೇಬೇಕು. ಆ ಅಶುಭದ ಪಾಲು ಸತ್ತವರ ತಿಂಗಳಾದ ಫೆಬ್ರವರಿಗೆ ಬಿತ್ತು.

ಲ್ಯಾಟಿನ್ ಓದುಗ:
ಹೆಸರಿನಲ್ಲೇ ಇದರ ಸುಳಿವಿದೆ. ‘ಫೆಬ್ರುವಾ’ ಎಂದರೆ ಮೈಲಿಗೆ ಕಳೆಯುವ ಸಾಮಗ್ರಿ. ಉಣ್ಣೆ, ಉಪ್ಪು ಬೆರೆಸಿದ ಹುರಿದ ಧಾನ್ಯ, ಪವಿತ್ರ ಮರದ ಕೊಂಬೆ ಎಲ್ಲಕ್ಕೂ ಅದೇ ಹೆಸರು ಎಂದು ರೋಮನ್ ಕವಿ ಓವಿಡ್ ಬರೆದಿದ್ದಾನೆ. ಪದ ರೋಮಿನ ನೆರೆಯ ಜನರಾದ ಸಬೈನರದು ಎಂಬುದು ರೋಮನ್ ವಿದ್ವಾಂಸ ವಾರ್ರೋನ ಮಾತು. ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತಿದ್ದ ಕಾಲದಲ್ಲಿ ಫೆಬ್ರವರಿಯೇ ಕೊನೆಯ ತಿಂಗಳು, ಅಂದರೆ ಹೊಸ ವರ್ಷಕ್ಕೆ ಮುನ್ನ ತೊಳೆದು ಶುದ್ಧವಾಗುವ ಹೊತ್ತು.

13ರಿಂದ 21ರವರೆಗೆ ಪರೆಂಟಾಲಿಯ, ಪಿತೃಗಳ ದಿನಗಳು. ಗುಡಿಗಳ ಬಾಗಿಲು ಮುಚ್ಚಿರುತ್ತಿತ್ತು, ಮದುವೆ ನಿಷಿದ್ಧ. ಎಡೆ ತೀರ ಸರಳ: ಹೂಮಾಲೆ ಸುತ್ತಿದ ಹೆಂಚಿನ ಮೇಲೆ ಒಂದಿಷ್ಟು ಧಾನ್ಯ, ಚಿಟಿಕೆ ಉಪ್ಪು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ, ಬಿಡಿ ವಯೊಲೆಟ್ ಹೂ. ಮರುದಿನ 22ಕ್ಕೆ ಬದುಕಿರುವ ನೆಂಟರ ಊಟ. ಸತ್ತವರನ್ನು ತೃಪ್ತಿಪಡಿಸಿದ ಮೇಲೆಯೇ ಬದುಕಿರುವವರ ಕಡೆ ತಿರುಗುವ ಈ ಕ್ರಮ ನನಗೆ ತುಂಬ ಹಿಡಿಸುತ್ತದೆ.

ನಡುವೆ 15ಕ್ಕೆ ಲುಪೆರ್ಕಾಲಿಯ ಹಬ್ಬ. ರೋಮಿನ ಪ್ಯಾಲಟೈನ್ ಗುಡ್ಡದ ಬುಡದ ಗುಹೆಯಲ್ಲಿ ಆಡುಗಳ ಜೊತೆ ಒಂದು ನಾಯಿಯನ್ನು ಬಲಿ ಕೊಡುತ್ತಿದ್ದರು. ರಕ್ತ ಹತ್ತಿದ ಕತ್ತಿಯನ್ನು ಇಬ್ಬರು ತರುಣರ ಹಣೆಗೆ ಮುಟ್ಟಿಸಿ, ಹಾಲಲ್ಲಿ ಅದ್ದಿದ ಉಣ್ಣೆಯಿಂದ ಒರೆಸಿದಾಗ ಅವರು ನಗಬೇಕಿತ್ತು. ಬಳಿಕ ಆಡಿನ ತೊಗಲಿನ ಪಟ್ಟಿ ಹಿಡಿದು ಓಡುತ್ತ ಎದುರಾದವರಿಗೆ ಬಾರಿಸುವುದು. ಏಟು ಬಿದ್ದ ಹೆಂಗಸಿಗೆ ಸಂತಾನಭಾಗ್ಯವೆಂಬ ನಂಬಿಕೆ. ಕ್ರಿ.ಪೂ. 44ರಲ್ಲಿ ಆಂಟನಿ ಸೀಸರನಿಗೆ ಕಿರೀಟ ಚಾಚಿದ್ದು ಇದೇ ಹಬ್ಬದಂದು.

ಪಂಚಾಂಗಪ್ರಿಯ:
ನಿಮ್ಮ ಲೆಕ್ಕ ತಪ್ಪಿದ್ದು ಒಂದೇ ಕಡೆ. ರೋಮನ್ನರು ಎರಡೂ ತುದಿಯ ದಿನಗಳನ್ನು ಸೇರಿಸಿ ಎಣಿಸುತ್ತಿದ್ದರು. ಮಾರ್ಚ್ 1 ಒಂದು, ಫೆಬ್ರವರಿ 28 ಎರಡು; ಹೀಗೆ 24 ಆರನೆಯದು. ಸುಲಭ ದಾರಿ: ತಿಂಗಳ ದಿನಸಂಖ್ಯೆಗೆ 2 ಕೂಡಿಸಿ, ಕೊಟ್ಟ ಸಂಖ್ಯೆ ಕಳೆಯಿರಿ. 28 + 2 − 6 = 24.

ಈ ಎಣಿಕೆ ರೋಮಿನ ಪುರೋಹಿತರನ್ನೇ ಎಡವಿಸಿತು. ನಾಲ್ಕು ವರ್ಷಕ್ಕೊಮ್ಮೆ ಅಧಿಕ ದಿನ ಸೇರಿಸಿ ಎಂಬ ಸೀಸರನ ನಿಯಮವನ್ನು ಅವರು ಎರಡೂ ತುದಿ ಸೇರಿಸಿ ಎಣಿಸಿ, ಮೂರು ವರ್ಷಕ್ಕೊಮ್ಮೆ ಸೇರಿಸಿದರು. 36 ವರ್ಷಗಳಲ್ಲಿ 9ರ ಬದಲು 12 ದಿನ ಸೇರಿಹೋದವು. ಅಗಸ್ಟಸ್ ಮುಂದಿನ ಮೂರು ಅಧಿಕ ದಿನಗಳನ್ನು ಬಿಡಿಸಿ ಸರಿಪಡಿಸಿದ. ಫೆಬ್ರವರಿಯಿಂದ ಅವನು ನಿಜಕ್ಕೂ ತಡೆಹಿಡಿದ ದಿನಗಳು ಇವೇ.

ದಿನಗಣನೆ:
ಈಗ ಸ್ಪಷ್ಟವಾಯಿತು, ಧನ್ಯವಾದ. ಅಧಿಕ ವರ್ಷದಲ್ಲಿ 29 + 2 ಹಿಡಿಯಬೇಕೇ?

ಪಂಚಾಂಗಪ್ರಿಯ:
ಎಲ್ಲ ದಿನಗಳಿಗೂ ಅಲ್ಲ. ಅಧಿಕ ದಿನವನ್ನು ತಿಂಗಳ ಕೊನೆಗೆ ಸೇರಿಸುತ್ತಿರಲಿಲ್ಲ, ಆರನೆಯ ದಿನವನ್ನೇ ಎರಡು ಸಲ ಎಣಿಸುತ್ತಿದ್ದರು. ಆದ್ದರಿಂದ ಕೊಟ್ಟ ಸಂಖ್ಯೆ 7 ಅಥವಾ ಹೆಚ್ಚಿದ್ದರೆ 28 + 2, 5 ಅಥವಾ ಕಡಿಮೆಯಿದ್ದರೆ 29 + 2. ಸಂಖ್ಯೆ 6 ಆದರೆ 24 ಮತ್ತು 25 ಎರಡೂ ಸಾಧ್ಯ. ‘ಬಿಸ್’, ಅಂದರೆ ‘ಎರಡನೆಯ ಸಲ’, ಎಂಬ ಪದ ಜೊತೆಗಿದೆಯೇ ನೋಡಿ.