ಅಂಗಡಿಗಳಲ್ಲಿ ನಾಯಿಮರಿ ಮಾರಾಟ: ನಗರಸಭೆಗೆ ಕೊಡುವ ಮನವಿಯಲ್ಲಿ ಏನು ಕೇಳಬೇಕು?

ಪ್ರಶ್ನೆ – ಬಸವನಹಳ್ಳಿಯ ನಿವಾಸಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಬಡಾವಣೆಯವರು ಲಿಖಿತ ಮನವಿ ಕೊಟ್ಟರೆ ಸಾಕುಪ್ರಾಣಿ ಅಂಗಡಿಗಳ ವಿಷಯವನ್ನು ನಗರಸಭೆಯ ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ತರುವುದಾಗಿ ನಮ್ಮ ವಾರ್ಡಿನ ಸದಸ್ಯರು ಹೇಳಿದ್ದಾರೆ. ಆದರೆ ಏನು ಕೇಳಬೇಕೆಂಬುದರಲ್ಲಿಯೇ ನಮ್ಮೊಳಗೆ ಒಮ್ಮತವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ, ಇಂಗ್ಲೆಂಡಿನಲ್ಲಿ 2020ರಿಂದ, ಫ್ರಾನ್ಸಿನಲ್ಲಿ 2024ರಿಂದ ಅಂಗಡಿಗಳಲ್ಲಿ ನಾಯಿಮರಿ ಮಾರುವುದಕ್ಕೆ ತಡೆ ಬಿದ್ದಿರುವಾಗ ನಮ್ಮ ಊರಿನಲ್ಲಿಯೂ ಪೂರ್ತಿ ನಿಷೇಧವಾಗಲಿ ಎನ್ನುವುದು ಕೆಲವರ ವಾದ. ಕಸ, ಕುಡಿಯುವ ನೀರು, ಬೀದಿನಾಯಿಗಳ ಕಾಟ ಇಷ್ಟೆಲ್ಲ ಇರುವಾಗ ಸಭೆಯ ಸಮಯವನ್ನು ಇದಕ್ಕೇಕೆ ಕಳೆಯಬೇಕು ಎನ್ನುವವರೂ ಇದ್ದಾರೆ.

ನನ್ನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಕಳೆದ ಮಳೆಗಾಲದಲ್ಲಿ ಮಗಳ ಆಸೆಗೆ ಒಂದು ಅಂಗಡಿಯಿಂದ ಮರಿ ತಂದೆವು. ಎರಡು ತಿಂಗಳು ತುಂಬಿದೆ, ಚುಚ್ಚುಮದ್ದು ಆಗಿದೆ ಎಂದು ಮಾತಿನಲ್ಲಿ ಹೇಳಿದರೇ ಹೊರತು ಒಂದು ಚೀಟಿಯನ್ನೂ ಕೊಡಲಿಲ್ಲ. ಐದನೆಯ ದಿನ ಅದು ಹಾಲು ಮುಟ್ಟಲಿಲ್ಲ, ರಕ್ತಭೇದಿ ಶುರುವಾಯಿತು. ಹಲ್ಲು ನೋಡಿದ ವೈದ್ಯರು ಮರಿಗೆ ಐದು ವಾರವೂ ತುಂಬಿದಂತಿಲ್ಲ ಎಂದರು. ಎರಡು ರಾತ್ರಿ ಮಗಳು ಅದನ್ನು ಬಚ್ಚಲೊಲೆಯ ಪಕ್ಕದ ಬೆಚ್ಚನೆಯ ಕಲ್ಲಿನ ಮೇಲೆ ಟವೆಲಿನಲ್ಲಿ ಸುತ್ತಿ ಮಲಗಿಸಿ, ಚಮಚದಲ್ಲಿ ನೀರು ಕುಡಿಸುತ್ತ ಕುಳಿತಳು. ಮೂರನೆಯ ಬೆಳಗ್ಗೆ ಅದು ಕಣ್ಣು ತೆರೆಯಲಿಲ್ಲ. ನಿಷೇಧ ಕೇಳುವುದು ಸರಿಯೇ, ಅಥವಾ ಬೇರೆ ದಾರಿಯಿದೆಯೇ?

ಉತ್ತರ – ನಿವೃತ್ತ ಪಶುವೈದ್ಯ, ಜಯನಗರ

ನಿಮ್ಮ ಮಗಳ ವಿಷಯ ಓದಿ ಮನಸ್ಸಿಗೆ ಬಹಳ ನೋವಾಯಿತು. ಲಕ್ಷಣಗಳನ್ನು ನೋಡಿದರೆ ಅದು ಪಾರ್ವೊ ಇರಬೇಕು. ಆ ವೈರಾಣು ದೇಹ ಸೇರಿದ ಮೂರರಿಂದ ಏಳು ದಿನಗಳಲ್ಲಿ ಸಾಮಾನ್ಯವಾಗಿ ರೋಗ ಕಾಣಿಸಿಕೊಳ್ಳುವುದರಿಂದ, ಅಂಗಡಿಯಲ್ಲಿ ಚುರುಕಾಗಿ ಓಡಾಡಿಕೊಂಡಿದ್ದ ಮರಿ ಮನೆಗೆ ಬಂದ ಮೇಲೆ ಮಲಗುತ್ತದೆ, ಮನೆಯವರು ತಮ್ಮ ಆರೈಕೆಯಲ್ಲಿಯೇ ತಪ್ಪಾಯಿತೆಂದು ಕೊರಗುತ್ತಾರೆ. ಚುಚ್ಚುಮದ್ದು ಆರಂಭವಾಗುವುದೇ ಆರರಿಂದ ಎಂಟನೆಯ ವಾರದಲ್ಲಿ. ಐದು ವಾರದ ಮರಿಯನ್ನು ತಾಯಿಯಿಂದ ಬಿಡಿಸಿ, ಹತ್ತು ಕಡೆಯಿಂದ ಬಂದ ಮರಿಗಳ ಜೊತೆ ಒಂದೇ ಪಂಜರದಲ್ಲಿ ಕೂಡಿದರೆ ರೋಗ ಹರಡದೆ ಇರುವುದಾದರೂ ಹೇಗೆ?

ಹೊಸ ನಿಷೇಧಕ್ಕಿಂತ ಇರುವ ಕಾನೂನನ್ನು ನಡೆಸಿರೆಂದು ಕೇಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2018ರಲ್ಲಿ ಬಂದ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇಲ್ಲದೆ ಅಂಗಡಿ ನಡೆಸುವಂತಿಲ್ಲ, ಎಂಟು ವಾರ ತುಂಬದ ನಾಯಿಮರಿ, ಬೆಕ್ಕಿನಮರಿಗಳನ್ನು ಮಾರುವಂತಿಲ್ಲ, ವ್ಯವಹಾರದ ದಾಖಲೆ ಇಡಲೇಬೇಕು. ಮರಿ ಹಾಕಿಸಿ ಮಾರುವವರಿಗೆ 2017ರ ನಿಯಮಗಳು ಪ್ರತ್ಯೇಕವಾಗಿವೆ. ನೋಂದಣಿ ಕೊಡುವುದು ಮಂಡಳಿಯಾದರೂ ಉದ್ದಿಮೆ ಪರವಾನಗಿ ಕೊಡುವುದು ನಗರಸಭೆ. ಮಂಡಳಿಯ ನೋಂದಣಿ ಪತ್ರ ತೋರಿಸದ ಅಂಗಡಿಗೆ ಪರವಾನಗಿಯನ್ನು ನವೀಕರಿಸಬಾರದೆಂದು ಠರಾವು ಮಾಡಿದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಮಾತು. ಕೆಲವು ತಳಿಯ ನಾಯಿಗಳನ್ನು ನಿಷೇಧಿಸಲು ಕೇಂದ್ರ ಹೊರಡಿಸಿದ್ದ ಸುತ್ತೋಲೆಯನ್ನು ನಮ್ಮ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಸಂಬಂಧಪಟ್ಟವರ ಮಾತನ್ನು ಕೇಳಿರಲಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಅಂಗಡಿಯವರನ್ನು ಕರೆಸದೆ ಸಭೆ ಏನನ್ನೂ ತೀರ್ಮಾನಿಸಬಾರದು.

ಉತ್ತರ – ಸಾಕುಪ್ರಾಣಿ ಅಂಗಡಿಯವರು, ಮಾರ್ಕೆಟ್ ರಸ್ತೆಯ ಸಮೀಪ

ಡಾಕ್ಟರ್ ಹೇಳಿದ ಕೊನೆಯ ಮಾತಿಗೆ ಕೃತಜ್ಞತೆಗಳು. ನಿಯಮ ಗೊತ್ತಿಲ್ಲದ ಕಾಲದಲ್ಲಿ ನಾನೂ ಆರು ವಾರದ ಮರಿಗಳನ್ನು ಮಾರಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಈಗ ನೋಂದಣಿ ಮಾಡಿಸಿ, ಯಾವ ಮರಿ ಎಲ್ಲಿಂದ ಬಂತು, ಯಾರ ಮನೆಗೆ ಹೋಯಿತು ಎಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ನನ್ನ ಅಂಗಡಿಯ ಬಾಡಿಗೆ ಹುಟ್ಟುವುದು ಮೀನು, ಲವ್‌ಬರ್ಡ್ಸ್ ಮತ್ತು ನಾಯಿಯ ಆಹಾರದಿಂದಲೇ ಹೊರತು ಮರಿಗಳಿಂದಲ್ಲ.

ಆದರೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ, ನಾಲ್ಕು ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಬಂದಿಳಿದು, ಮೊಬೈಲ್ ಗುಂಪುಗಳ ಮೂಲಕ ಕೈಬದಲಾಗುವ ಮರಿಗಳನ್ನು ಯಾರು ಕೇಳುತ್ತಾರೆ? ಅವರಿಗೆ ಬೋರ್ಡ್ ಇಲ್ಲ, ಪರವಾನಗಿ ಇಲ್ಲ, ಮರಿ ಸತ್ತರೆ ಹೋಗಿ ಕೇಳಲು ಬಾಗಿಲೂ ಇಲ್ಲ. ಅಂಗಡಿಗಳನ್ನು ಮಾತ್ರ ಮುಚ್ಚಿಸಿದರೆ ವ್ಯಾಪಾರವೆಲ್ಲ ಅತ್ತ ಸರಿಯುತ್ತದೆ. ಮನವಿಯಲ್ಲಿ ಇದನ್ನೂ ಬರೆಯಿರಿ. ಹಾಗೆಯೇ ಹಸಿರು ಗಿಣಿ, ನಕ್ಷತ್ರ ಆಮೆಗಳ ವಿಷಯವನ್ನೂ ಸೇರಿಸಿ. 1972ರ ವನ್ಯಜೀವಿ ಕಾಯ್ದೆಯಡಿ ಅವುಗಳನ್ನು ಮಾರುವುದೂ ಸಾಕುವುದೂ ಅಪರಾಧವೆಂದು ನಾನು ಹೇಳಿದರೆ, ಎಷ್ಟಾದರೂ ಕೊಡುತ್ತೇವೆ, ತರಿಸಿಕೊಡಿ ಎನ್ನುವ ಗಿರಾಕಿಗಳು ಇಂದಿಗೂ ಬರುತ್ತಾರೆ.

ಉತ್ತರ – ಕಾಫಿ ಬೆಳೆಗಾರ್ತಿ, ಆಲ್ದೂರು ಕಡೆ

ಮಾರಾಟದ ಮಾತಾಯಿತು, ಬಿಟ್ಟುಹೋಗುವುದರ ಬಗ್ಗೆ ಯಾರೂ ಹೇಳಲಿಲ್ಲ. ಪೇಟೆಯಲ್ಲಿ ಆಸೆಯಿಂದ ಕೊಂಡು, ದೊಡ್ಡದಾದ ಮೇಲೆ ಬೇಡವಾದ ನಾಯಿಗಳನ್ನು ರಾತ್ರಿ ಕಾರಿನಲ್ಲಿ ತಂದು ತೋಟದ ಗೇಟಿನ ಬಳಿ ಇಳಿಸಿ ಹೋಗುತ್ತಾರೆ. ಹೋದ ಆಷಾಢದಲ್ಲಿ ಬಂದ ಒಂದು ಹಸ್ಕಿಯ ದಟ್ಟ ಕೂದಲು ನಮ್ಮ ಮಲೆನಾಡಿನ ಮಳೆಗೆ ಒಣಗುವ ಮಾತೇ ಇರಲಿಲ್ಲ, ಚರ್ಮವೆಲ್ಲ ಹುಣ್ಣಾಗಿ ವಾಸನೆ ಬರುತ್ತಿತ್ತು. ಕೊರಳಲ್ಲಿ ಬೆಲ್ಟ್ ಇನ್ನೂ ಹಾಗೆಯೇ ಇತ್ತು. ಕಾರು ಕಂಡಾಗಲೆಲ್ಲ ಓಡಿ ಹೋಗಿ ನಿಂತು ನೋಡುತ್ತಿತ್ತು. ಇಂಥವುಗಳಲ್ಲಿ ಕೆಲವನ್ನು ಚಿರತೆ ಒಯ್ಯುತ್ತದೆ, ಉಳಿದವು ಪೇಟೆಗೆ ಮರಳಿ ಬೀದಿನಾಯಿಗಳ ಜೊತೆ ಸೇರಿ ಮರಿ ಹಾಕುತ್ತವೆ. ಆದ್ದರಿಂದ ಬೀದಿನಾಯಿಯ ಸಮಸ್ಯೆ ಬೇರೆ, ಅಂಗಡಿಯ ಸಮಸ್ಯೆ ಬೇರೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಸಂತಾನಹರಣ ಮತ್ತು ರೇಬೀಸ್ ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆಯೇ ಹೊರಿಸಿವೆ. ಅದಕ್ಕೆ ಈ ವರ್ಷದ ಬಜೆಟ್ಟಿನಲ್ಲಿ ಎಷ್ಟು ಹಣ ಇಟ್ಟಿದ್ದಾರೆ, ಎಷ್ಟು ಖರ್ಚಾಗಿದೆ ಎಂಬ ಲೆಕ್ಕವನ್ನು ಸಭೆಯ ಮುಂದಿಡಲು ಕೇಳಿ. ಮನೆಯಲ್ಲಿ ಸಾಕುವ ನಾಯಿಗಳ ನೋಂದಣಿಯನ್ನೂ ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿಷೇಧದ ಬೇಡಿಕೆಯನ್ನು ಕೈಬಿಟ್ಟಿದ್ದೇವೆ. ಮಂಡಳಿಯ ನೋಂದಣಿ ಇಲ್ಲದೆ ಉದ್ದಿಮೆ ಪರವಾನಗಿ ಇಲ್ಲ, ಪ್ರತಿ ಮರಿಗೂ ವಯಸ್ಸು ಮತ್ತು ಲಸಿಕೆಯ ವಿವರವಿರುವ ಚೀಟಿ ಕಡ್ಡಾಯ, ಅಂಗಡಿಯಿಲ್ಲದೆ ಮಾರುವವರ ಮೇಲೂ ಕ್ರಮ, ಸಂತಾನಹರಣದ ಖರ್ಚಿನ ಲೆಕ್ಕ, ಸಾಕುನಾಯಿಗಳ ನೋಂದಣಿ ಎಂದು ಕರಡು ಬರೆದಿದ್ದೇನೆ. ಡಾಕ್ಟರ್, ದಯವಿಟ್ಟು ಒಮ್ಮೆ ಓದಿ ತಿದ್ದಿಕೊಡಿ. ಸಹಿ ಹಾಕುವವರು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ರತ್ನಗಿರಿ ಬೋರೆಯ ಗೇಟಿನ ಬಳಿ ಬರಬೇಕಾಗಿ ವಿನಂತಿ. ಮಗಳೂ ಬರುತ್ತಾಳೆ, ಮೊದಲ ಸಹಿ ತನ್ನದೇ ಆಗಬೇಕೆಂದು ಹೇಳಿದ್ದಾಳೆ.